ಅಳಿವೆಯೇ ಅಳತೆ ಕೊಟ್ಟ ದೋಣಿ

ಕೋಡಿಬಾಗದ ದಂಡೆಯಲ್ಲಿ ನಿಂತು ಕಾಳಿ ನದಿ ಸಮುದ್ರ ಸೇರುವ ಅಳಿವೆಯನ್ನು ಇಳಿತದ ಹೊತ್ತಿನಲ್ಲಿ ನೋಡಿದರೆ, ಮರಳಿನ ದಿಬ್ಬ ಎಲ್ಲಿದೆ ಎಂಬುದನ್ನು ತೆರೆಗಳೇ ತೋರಿಸಿಕೊಡುತ್ತವೆ. ಆಳವಿದ್ದಲ್ಲಿ ನೀರು ಸುಮ್ಮನೆ ಏರಿ ಇಳಿಯುತ್ತದೆ. ದಿಬ್ಬದ ಮೇಲೆ ಬಂದ ತೆರೆ ಮಾತ್ರ ಎದ್ದು ನಿಂತು ಬೆಳ್ಳಗೆ ಒಡೆಯುತ್ತದೆ. ಪ್ರತಿ ಮಳೆಗಾಲ ಕಳೆದಾಗಲೂ ಆ ಬಿಳಿಯ ಸಾಲು ಹಿಂದಿನ ವರ್ಷದ ಜಾಗದಲ್ಲಿ ಇರುವುದಿಲ್ಲ. ಕಾರವಾರದಲ್ಲಿ ಗಣಿತ ಕಲಿಸುತ್ತ ಇಪ್ಪತ್ತು ವರ್ಷ ಕಳೆದ ನಾನು ಅದನ್ನು ಎಷ್ಟೋ ಸಂಜೆ ನೋಡಿದ್ದೆ. 2023ರ ಮಳೆಗಾಲ ಮುಗಿದ ಮೇಲೆ ನೋಡತೊಡಗಿದ್ದಕ್ಕೆ ಮಾತ್ರ ಬೇರೆ ಕಾರಣವಿತ್ತು. ಒಂದು ಚಿಕ್ಕ ಹಾಯಿದೋಣಿಯನ್ನು ನನ್ನ ಕೈಯಾರೆ ಕಟ್ಟಬೇಕು, ಅದಕ್ಕೂ ಮೊದಲು ಅದರ ನಕ್ಷೆಯನ್ನು ನಾನೇ ಬಿಡಿಸಬೇಕು ಎಂದು ಆ ದಿನಗಳಲ್ಲಿ ನಿಶ್ಚಯಿಸಿದ್ದೆ.

ದೋಣಿಯಿಂದ ನನಗೆ ಬೇಕಾಗಿದ್ದದ್ದು ಸ್ಪಷ್ಟವಿತ್ತು. ನಾನು, ನನ್ನ ಹೆಂಡತಿ, ಮಗಳು ಎರಡು ಮೂರು ರಾತ್ರಿ ಅದರಲ್ಲೇ ಮಲಗಿ, ಅಡುಗೆ ಮಾಡಿಕೊಂಡು, ಕೂರ್ಮಗಡದ ಮರೆಯಲ್ಲಿ ಲಂಗರು ಹಾಕಬೇಕು. ಬೇಲೇಕೇರಿ, ಗಂಗಾವಳಿ, ತದಡಿ ಮುಟ್ಟಿ, ಹವಾಮಾನ ಅನುಕೂಲವಾಗಿದ್ದರೆ ಹೊನ್ನಾವರದಲ್ಲಿ ಶರಾವತಿಯ ಒಳಗೂ ಹೋಗಿಬರಬೇಕು. ಈ ಎಲ್ಲ ತಂಗುದಾಣಗಳೂ ನದಿಯ ಬಾಯಿಗಳು ಅಥವಾ ಆಳವಿಲ್ಲದ ಕೊಲ್ಲಿಗಳು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಭರತಕ್ಕೂ ಇಳಿತಕ್ಕೂ ನಡುವೆ ಸುಮಾರು ಎರಡು ಮೀಟರ್ ಅಂತರವಿರುವುದರಿಂದ, ಆಳವಾದ ಅಡಿಭಾರ ತೂಗುಬಿಟ್ಟ ದೋಣಿಯಾದರೆ ದಿನದಲ್ಲಿ ಹೆಚ್ಚು ಹೊತ್ತು ಅಳಿವೆಯ ಹೊರಗೇ ಕಾಯಬೇಕಾಗುತ್ತದೆ. ಹೀಗಾಗಿ ಮೊದಲ ಅಳತೆ ನಿರ್ಧಾರವಾದದ್ದು ಉದ್ದದಲ್ಲಲ್ಲ, ಅಗಲದಲ್ಲಲ್ಲ, ಆಳದಲ್ಲಿ: ದೋಣಿ ಅರ್ಧ ಮೀಟರಿಗಿಂತ ಕಡಿಮೆ ನೀರಿನಲ್ಲಿ ತೇಲಬೇಕು ಮತ್ತು ಇಳಿತದಲ್ಲಿ ಮರಳಿನ ಮೇಲೆ ಕುಳಿತರೆ ವಾಲದೆ ನೆಟ್ಟಗೆ ಕುಳಿತುಕೊಳ್ಳಬೇಕು.

ಇದಕ್ಕೆ ಎದುರಾಗಿ ಇನ್ನೊಂದು ಬೇಡಿಕೆಯಿತ್ತು. ನವೆಂಬರಿನಿಂದ ಮಾರ್ಚ್‌ವರೆಗೆ ಇಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ ಮೂಡುಗಾಳಿ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಸತ್ತು, ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಕಾರವಾರದಿಂದ ತೆಂಕಣಕ್ಕೆ ತದಡಿಗೆ ಹೋಗುವಾಗ ಆ ಗಾಳಿ ಬೆನ್ನಿಗಿರುತ್ತದೆ, ಮರಳುವಾಗ ಪೂರ್ತಿ ಮುಖಕ್ಕೆ. ಗಾಳಿಗೆ ಎದುರಾಗಿ ಓರೆಯಾಗಿ ಹತ್ತಿಹೋಗಬೇಕಾದರೆ ನೀರಿನೊಳಗೆ ಆಳವಾದ ಹಲಗೆಯೊಂದು ಇರಲೇಬೇಕು, ಇಲ್ಲವಾದರೆ ದೋಣಿ ಮುಂದೆ ಹೋದಷ್ಟೇ ಪಕ್ಕಕ್ಕೂ ಜಾರುತ್ತದೆ. ಒಂದೇ ದೋಣಿ ಅಳಿವೆಯಲ್ಲಿ ತೆಳುವಾಗಿಯೂ ಕಡಲಿನಲ್ಲಿ ಆಳವಾಗಿಯೂ ಇರಬೇಕೆಂದರೆ, ಎತ್ತಿ ಇಳಿಸುವ ನಡುಹಲಗೆಯನ್ನು ಬಿಟ್ಟು ಬೇರೆ ದಾರಿ ನನಗೆ ಕಾಣಲಿಲ್ಲ. ಸೆಂಟರ್‌ಬೋರ್ಡ್ ಎಂದು ಕರೆಯುವ ಈ ಹಲಗೆಯನ್ನು ಎತ್ತಿದರೆ 45 ಸೆಂಟಿಮೀಟರ್, ಇಳಿಸಿದರೆ 1.35 ಮೀಟರ್ ಆಳ ಎಂದು ಬರೆದುಕೊಂಡೆ. ಎತ್ತಿದ ಹಲಗೆ ಕೂರುವ ಪೆಟ್ಟಿಗೆ ದೋಣಿಯೊಳಗಿನ ಕೋಣೆಯ ನಟ್ಟನಡುವೆ ಬಂದು ಜಾಗ ತಿನ್ನುತ್ತದೆ ಎಂಬುದು ಗೊತ್ತಿದ್ದೂ ಒಪ್ಪಿಕೊಂಡೆ.

ಸಿದ್ಧ ನಕ್ಷೆಗಳು ಹೊರದೇಶಗಳಿಂದ ಕ್ರಯಕ್ಕೆ ಸಿಗುತ್ತವೆ, ಆಳವಿಲ್ಲದ ನೀರಿಗೆಂದೇ ಮಾಡಿದವೂ ಅವುಗಳಲ್ಲಿ ಇವೆ. ಎರಡನ್ನು ಕೊಂಡು ತಿಂಗಳುಗಟ್ಟಲೆ ಓದಿದೆ. ಅವುಗಳಿಂದ ಬಹಳ ಕಲಿತೆನಾದರೂ, ಆ ದೋಣಿಗಳ ಕೋಣೆಗಳನ್ನು ಚಳಿಯನ್ನು ಹೊರಗಿಡಲು ಮಾಡಲಾಗಿತ್ತು. ಏಪ್ರಿಲ್ ತಿಂಗಳ ಕಾರವಾರದಲ್ಲಿ ಅಂಥ ಕೋಣೆಯಲ್ಲಿ ಮಲಗುವುದನ್ನು ನನ್ನಿಂದ ಊಹಿಸಿಕೊಳ್ಳಲಾಗಲಿಲ್ಲ.

ಮೊದಲ ನಕ್ಷೆಯನ್ನು ಕೈಯಲ್ಲೇ ಬಿಡಿಸಿದೆ. ಒಟ್ಟು ಉದ್ದ 6.5 ಮೀಟರ್, ನೀರಿನ ಗೆರೆಯಲ್ಲಿ ಉದ್ದ 5.9 ಮೀಟರ್, ನೀರಿನ ಗೆರೆಯಲ್ಲಿ ಅಗಲ 1.8 ಮೀಟರ್. ಪ್ಲೈವುಡ್ ಹಾಳೆಗಳನ್ನು ಬಾಗಿಸಿ ಕೂಡಿಸುವ ದೋಣಿಯಾದ್ದರಿಂದ ಮೈ ದುಂಡಗಿರದೆ, ಎರಡು ಕಡೆಯೂ ಉದ್ದಕ್ಕೆ ಏಣುಗಳಿರುತ್ತವೆ. ನೀರಿನ ಗೆರೆಯ ಉದ್ದವನ್ನು ಹತ್ತು ಸಮಭಾಗ ಮಾಡಿ, ಹನ್ನೊಂದು ಕಡೆ ದೋಣಿಯನ್ನು ಸೌತೆಕಾಯಿ ಹೆಚ್ಚಿದಂತೆ ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಆಕಾರವನ್ನು ಬಿಡಿಸಿ, ಪ್ರತಿಯೊಂದರಲ್ಲಿ ನೀರಿನ ಕೆಳಗಿರುವ ಭಾಗದ ಕ್ಷೇತ್ರಫಲವನ್ನು ಚೌಕುಳಿ ಕಾಗದದ ಮನೆಗಳನ್ನು ಎಣಿಸಿ ತೆಗೆದೆ. ಆಮೇಲೆ ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಟ್ಟ ಸಿಂಪ್ಸನ್ ನಿಯಮ ನನಗೇ ಉಪಯೋಗಕ್ಕೆ ಬಂತು. ಕ್ಷೇತ್ರಫಲಗಳನ್ನು ಕ್ರಮವಾಗಿ 1, 4, 2, 4, 2 ಎಂದು ಗುಣಿಸುತ್ತ ಹೋಗಿ, ಕೊನೆಯದನ್ನು ಮತ್ತೆ 1ರಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಎರಡು ಸೀಳುಗಳ ನಡುವಣ ಅಂತರದ ಮೂರನೇ ಒಂದು ಭಾಗದಿಂದ ಗುಣಿಸಿದರೆ ಘನಗಾತ್ರ ಬರುತ್ತದೆ. ನನ್ನ ಮೊತ್ತ 5.95 ಬಂದಿತ್ತು, ಅಂತರ 0.59 ಮೀಟರ್, ಘನಗಾತ್ರ 1.17 ಘನ ಮೀಟರ್. ಒಂದು ಘನ ಮೀಟರ್ ಸಮುದ್ರದ ನೀರು ಸುಮಾರು 1025 ಕಿಲೋ ತೂಗುವುದರಿಂದ, ದೋಣಿ ಆ ಗೆರೆಯವರೆಗೆ ಮುಳುಗಿದಾಗ ಹೊರಬಲ್ಲ ಒಟ್ಟು ತೂಕ ಸರಿಸುಮಾರು 1200 ಕಿಲೋ. ತಾನು ಸರಿಸಿದ ನೀರಿನ ತೂಕವೇ ತೇಲುವ ವಸ್ತುವಿನ ತೂಕ ಎಂಬ ಆರ್ಕಿಮಿಡಿಸನ ಮಾತನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆ. ಅದು ನನ್ನ ಊಟದ ಮೇಜಿನ ಮೇಲೆ, ನನ್ನದೇ ದೋಣಿಯ ಲೆಕ್ಕವಾಗಿ ಕೂತ ಆ ರಾತ್ರಿ ನನಗಾದ ಸಂತೋಷ ದೊಡ್ಡದು.

ಹೊರಬಲ್ಲ ತೂಕ ಒಂದು, ನಿಜವಾಗಿ ಹೊರಬೇಕಾದ ತೂಕ ಇನ್ನೊಂದು. ಎರಡನೆಯದನ್ನು ತಿಳಿಯಲು ದೋಣಿಯಲ್ಲಿ ಇರುವ ಪ್ರತಿಯೊಂದು ವಸ್ತುವನ್ನೂ ಪಟ್ಟಿ ಮಾಡಬೇಕು: ಹಾಳೆ, ಮರ, ಎಪಾಕ್ಸಿ ಎಂಬ ಅಂಟು, ಮೊಳೆ, ಬಣ್ಣ, ಹಾಯಿ, ಅದನ್ನು ಕಟ್ಟುವ ಕೂವೆಮರ, ಚುಕ್ಕಾಣಿ, ಲಂಗರು ಮತ್ತು ಅದರ ಸರಪಳಿ, ಕುಡಿಯುವ ನೀರು, ಬ್ಯಾಟರಿ, ಗ್ಯಾಸ್ ಒಲೆ, ಅಕ್ಕಿ, ಹಾಸಿಗೆ, ಜನ. ಪ್ರತಿಯೊಂದರ ತೂಕದ ಜೊತೆಗೆ ಅದು ದೋಣಿಯ ಮೂತಿಯಿಂದ ಎಷ್ಟು ದೂರದಲ್ಲಿದೆ, ತಳದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಬರೆದರೆ ಗುರುತ್ವಕೇಂದ್ರ ಸಿಗುತ್ತದೆ. ನನ್ನ ಮೊದಲ ಪಟ್ಟಿ 1190 ಕಿಲೋಗೆ ನಿಂತಿತ್ತು. ಲೆಕ್ಕ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ ಅದನ್ನು ಸಂಶಯಿಸಬೇಕೆಂದೇ ನನಗೆ ಹೊಳೆಯಲಿಲ್ಲ.

ತಪ್ಪು ತಿಳಿದದ್ದು ಶಿರಸಿಯಲ್ಲಿ. ನಮ್ಮ ಮೂಲಮನೆ ಶಿರಸಿಯ ಹತ್ತಿರದ ಹಳ್ಳಿಯಲ್ಲಿದ್ದು, ತೋಟವನ್ನು ತಮ್ಮ ನೋಡಿಕೊಳ್ಳುತ್ತಾನೆ. ದೋಣಿಯನ್ನೂ ಅಲ್ಲಿಯ ದೊಡ್ಡ ಅಂಗಳದಲ್ಲೇ ಕಟ್ಟಿ ಲಾರಿಯಲ್ಲಿ ಘಟ್ಟ ಇಳಿಸುವುದೆಂದು ಮಾತಾಗಿತ್ತು. ಮಾದರಿಗೆಂದು ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನ, 9 ಮಿಲಿಮೀಟರ್ ದಪ್ಪದ ಮರೈನ್ ಪ್ಲೈವುಡ್ಡಿನ ಒಂದು ಹಾಳೆ ಕೊಂಡೊಯ್ದಿದ್ದೆ. ಅಟ್ಟದ ಪಕ್ಕದಲ್ಲಿ ಅಡಿಕೆ ಚೀಲ ತೂಗುವ ಕಾಟಾ ಇತ್ತು. ತಮ್ಮನೇ, "ಅಣ್ಣಾ, ಇದನ್ನೂ ಒಮ್ಮೆ ತೂಗಿ ನೋಡನ" ಎಂದು ಹಾಳೆಯನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ, ಬೀಳದಂತೆ ಒಂದೇ ಬೆರಳು ತಾಗಿಸಿ ಹಿಡಿದ. ಮುಳ್ಳು 19 ಕಿಲೋದ ಹತ್ತಿರ ನಿಂತಿತು. ನನ್ನ ಪಟ್ಟಿಯಲ್ಲಿ ಅದು 12 ಎಂದಿತ್ತು. ಕೊಂಡ ನಕ್ಷೆಗಳಲ್ಲಿ ಒಕುಮೆ ಎಂಬ ಆಫ್ರಿಕದ ಹಗುರ ಮರದ ಪ್ಲೈವುಡ್ಡಿನ ತೂಕ ಕೊಟ್ಟಿದ್ದರು. ನಾನು ಅದನ್ನೇ ಇಳಿಸಿಕೊಂಡಿದ್ದೆ. ನಮ್ಮಲ್ಲಿ ಸಿಗುವುದು ಗಟ್ಟಿ ಮರದ ಹಾಳೆ, ಬಾಳಿಕೆಯಲ್ಲಿ ಒಳ್ಳೆಯದು, ತೂಕದಲ್ಲಿ ಭಾರ. 22 ಹಾಳೆಗೆ ತಲಾ 7 ಕಿಲೋ ಎಂದರೆ 154 ಕಿಲೋ. ಆ ಸಂಜೆ ಪಟ್ಟಿಯನ್ನು ಪೂರ್ತಿ ಬಿಚ್ಚಿ ಕುಳಿತಾಗ ಇನ್ನೊಂದು ಸಂಗತಿಯೂ ಹೊರಬಂತು. ಜನ ಎಂಬ ಸಾಲಿನಲ್ಲಿ ನಾನು ಇಬ್ಬರನ್ನು ಮಾತ್ರ ಬರೆದಿದ್ದೆ. ನಮ್ಮ ಮನೆಯವರೇ ಮೂವರು. ತಮ್ಮ ಬಾರದೆ ಇರುವವನಲ್ಲ. ಎಲ್ಲ ಸೇರಿ ಪಟ್ಟಿ 1490 ಕಿಲೋ ಮುಟ್ಟಿತು.

ಮುನ್ನೂರು ಕಿಲೋ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ನೀರಿನ ಗೆರೆಯಲ್ಲಿ ದೋಣಿಯ ಹರವು 7.2 ಚದರ ಮೀಟರ್ ಇತ್ತು. ಅಂದರೆ ದೋಣಿ ಒಂದು ಸೆಂಟಿಮೀಟರ್ ಕೆಳಗಿಳಿಯಲು ಸುಮಾರು 74 ಕಿಲೋ ಬೇಕು. 290 ಕಿಲೋಗೆ ನಾಲ್ಕು ಸೆಂಟಿಮೀಟರ್. ನಾಲ್ಕು ಸೆಂಟಿಮೀಟರ್ ಎಂದರೆ ಕೈಯ ಎರಡು ಬೆರಳಗಲ, ಅದಕ್ಕೇಕೆ ಇಷ್ಟು ಕಳವಳ ಎಂದು ನನ್ನ ಹೆಂಡತಿ ಕೇಳಿದಳು. ಹಿಂಬದಿಯ ಹಲಗೆ ನೀರಿಗೆ ತಾಗಿ ಎಳೆಯತೊಡಗುತ್ತದೆ, ಮೆಲ್ಲನೆಯ ಗಾಳಿಯಲ್ಲಿ ದೋಣಿ ಮಂದವಾಗುತ್ತದೆ, ಪಕ್ಕದ ಎತ್ತರ ಅಷ್ಟು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಳಿವೆಯಲ್ಲಿ ತೆರೆಯ ತಗ್ಗಿಗೆ ಇಳಿದಾಗ ಮರಳಿಗೂ ದೋಣಿಗೂ ನಡುವೆ ಉಳಿಯುವ ನೀರು ಕೆಲವೊಮ್ಮೆ ಅಷ್ಟೇ ಇರುತ್ತದೆ.

ಎರಡು ತಿಂಗಳು ಕೂಡಿಸಿ ಕಳೆದು, ಕೊನೆಗೆ ಮೂರು ಕಡೆಯಿಂದ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟೆ. ಸೀಳುಗಳ ಆಕಾರವನ್ನು ಹಾಗೆಯೇ ಇಟ್ಟು, ಅವುಗಳ ನಡುವಣ ಅಂತರವನ್ನು 0.59ರಿಂದ 0.62 ಮೀಟರಿಗೆ ಹಿಗ್ಗಿಸಿದೆ. ನೀರಿನ ಗೆರೆ 6.2 ಮೀಟರ್ ಆಯಿತು, ಹೊರುವ ಶಕ್ತಿ 60 ಕಿಲೋ ಏರಿತು. ಆಳದಲ್ಲಿ ಎರಡು ಸೆಂಟಿಮೀಟರ್ ಒಪ್ಪಿಕೊಂಡು 47ಕ್ಕೆ ಹೋದೆ. ಉಳಿದದ್ದನ್ನು ತೂಕದಲ್ಲೇ ಇಳಿಸಬೇಕಾಯಿತು. ಒಳಗೆ ಕೂರಿಸಬೇಕೆಂದಿದ್ದ ಚಿಕ್ಕ ಡೀಸೆಲ್ ಎಂಜಿನ್ನು, ಅದರ ಟ್ಯಾಂಕು, ದಂಡ ಎಲ್ಲವನ್ನೂ ಬಿಟ್ಟು, ಹಿಂಬದಿಗೆ ತೂಗುಹಾಕುವ 6 ಎಚ್‌ಪಿಯ ಔಟ್‌ಬೋರ್ಡ್ ಸಾಕೆಂದುಕೊಂಡೆ. ಮಡಚುವ ಮೇಜು, ಸ್ಟೀಲ್ ಸಿಂಕು ಹೋದವು. ಹೊಸ ನಕ್ಷೆ ಹೊರುವುದು 1415 ಕಿಲೋ, ಪಟ್ಟಿಯಲ್ಲಿರುವುದು 1410. ಈ ಬಾರಿ ಪ್ರತಿಯೊಂದು ಸಾಲಿನ ಎದುರೂ ಅದನ್ನು ತೂಗಿದ ದಿನಾಂಕವಿತ್ತು.

ಹಾಯಿ ಮತ್ತು ವೇಗದ ಲೆಕ್ಕ ಅಷ್ಟು ಕಾಡಲಿಲ್ಲ. ನೀರಿನ ಗೆರೆಯ ಉದ್ದವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಇಂಥ ದೋಣಿ ಆರಾಮವಾಗಿ ಮುಟ್ಟಬಲ್ಲ ಹೆಚ್ಚಿನ ವೇಗ ಸಿಗುತ್ತದೆ. ನನ್ನದಕ್ಕೆ ಅದು ಆರು ನಾಟ್, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್. ನಾಲ್ಕು ನಾಟ್ ಸರಾಸರಿ ಹಿಡಿದರೂ ಬೆಳಗಿನ ಮೂಡುಗಾಳಿಯಲ್ಲಿ ಹೊರಟು ಹಗಲಿರುವಾಗಲೇ ತದಡಿ ಸೇರಬಹುದು. ಅರ್ಗಾದ ನೌಕಾನೆಲೆಯ ನೀರನ್ನು ದೂರವಿಟ್ಟು ಸುತ್ತಿಕೊಂಡು ಹೋಗುವ ಹಾದಿಯನ್ನೂ ಸೇರಿಸಿಯೇ ಈ ಮಾತು. ನಮ್ಮ ಗಾಳಿ ಬಹಳ ಹೊತ್ತು ಮೆಲ್ಲಗಿರುವುದರಿಂದ ಹಾಯಿಯನ್ನು 22 ಚದರ ಮೀಟರಿನಷ್ಟು ಧಾರಾಳವಾಗಿ ಇಟ್ಟು, ಗಾಳಿ ಬಲವಾದಾಗ ಮಡಚಿಕೊಳ್ಳಲು ಎರಡು ಸಾಲು ಕಟ್ಟುಗಳನ್ನು ಸೂಚಿಸಿದೆ.

ಹಾಯಿಯ ನಡುವಿಗೂ ನೀರಿನೊಳಗಿನ ಮೈಯ ನಡುವಿಗೂ ಹೊಂದಿಕೆ ಬೇಕು. ದೋಣಿಯ ಪಕ್ಕನೋಟದಲ್ಲಿ ನೀರಿನ ಕೆಳಗಿರುವ ಭಾಗವನ್ನು, ನಡುಹಲಗೆ ಸಮೇತ, ರಟ್ಟಿನಲ್ಲಿ ಕತ್ತರಿಸಿ ಸೂಜಿಮೊನೆಯ ಮೇಲೆ ತೂಗಿಸಿದರೆ ಅದು ಸಮನಾಗಿ ನಿಲ್ಲುವ ಬಿಂದುವೇ ಪಕ್ಕದ ಒತ್ತಡದ ನಡು. ಹಾಯಿಗಳ ನಡು ಅದಕ್ಕಿಂತ ಸ್ವಲ್ಪ ಮುಂದಿರಬೇಕು, ಏಕೆಂದರೆ ವಾಲಿದ ದೋಣಿ ತಾನಾಗಿ ಗಾಳಿಯ ಕಡೆಗೆ ಮೂತಿ ತಿರುಗಿಸುತ್ತದೆ. ನನ್ನ ಮಗಳು ಹೊಲಿಗೆಸೂಜಿಯನ್ನು ಹಿಡಿದು, ನಾನು ರಟ್ಟನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತ ಕುಳಿತೆವು. ಕೂವೆಮರವನ್ನು 20 ಸೆಂಟಿಮೀಟರ್ ಮುಂದಕ್ಕೆ ಇಡಬೇಕಾಯಿತು.

ಕೂವೆಮರವನ್ನು ಬುಡದಲ್ಲಿ ಮಡಚುವಂತೆ ಮಾಡಿದ್ದು ಕಾಳಿಯ ಸೇತುವೆಗಾಗಿ. ಸದಾಶಿವಗಡದ ಬುಡದಿಂದ ನದಿಯ ಮೇಲ್ಗಡೆಗೆ ಹೋಗಬೇಕಾದರೆ ಹೆದ್ದಾರಿಯ ಸೇತುವೆಯ ಕೆಳಗೆ ನುಸುಳಬೇಕು. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆಯ ಸೇತುವೆ ಕುಸಿದು ನೀರಿಗೆ ಬಿದ್ದಾಗ ನಕ್ಷೆಯ ಈ ಭಾಗವೇ ನನ್ನ ಮೇಜಿನ ಮೇಲಿತ್ತು. ನದಿಯೊಳಗಿನ ಹಾದಿ ಎಂದಿಗೂ ಒಂದೇ ರೀತಿ ಇರುತ್ತದೆಂದು ನಂಬಿ ದೋಣಿ ಮಾಡಬಾರದೆಂದು ಆ ಬೆಳಿಗ್ಗೆ ದಂಡೆಯಲ್ಲಿ ನಿಂತು ನೋಡಿದಾಗ ಮನಸ್ಸಿಗೆ ನಾಟಿತು. ಚುಕ್ಕಾಣಿಯನ್ನೂ, ಏನಾದರೂ ತಾಗಿದರೆ ಮುರಿಯದೆ ಮೇಲಕ್ಕೆ ಮಡಚಿಕೊಳ್ಳುವಂತೆ ಅದೇ ವಾರ ತಿದ್ದಿದೆ.

ಮರವನ್ನೇ ಕೂವೆಯಾಗಿ ನಿಲ್ಲಿಸುವ ಆಸೆ ನನಗೆ ಬಹಳವಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೆನರಾದ ಕಾಡಿನ ಸುರಹೊನ್ನೆಯ ನೆಟ್ಟನೆಯ ಕಾಂಡಗಳನ್ನು ಹಡಗುಗಳ ಕೂವೆಮರಕ್ಕೆಂದು ಹುಡುಕಿಕೊಂಡು ಬರುತ್ತಿದ್ದರು. ಆದರೆ ಏಳೂವರೆ ಮೀಟರಿನ ಮರದ ಕೂವೆ ಸುಮಾರು 32 ಕಿಲೋ ಬರುತ್ತದೆ, ಅಷ್ಟೇ ಉದ್ದದ ಅಲ್ಯುಮಿನಿಯಮ್ ಕೊಳವೆ 17. ಮೇಲಿರುವ ಪ್ರತಿ ಕಿಲೋ ದೋಣಿಯನ್ನು ಮಗುಚುವ ಕಡೆಗೆ ಎಳೆಯುತ್ತದೆ. ಆಸೆಯನ್ನು ಬಿಟ್ಟೆ.

ಮಗುಚುವ ವಿಷಯದಲ್ಲಿ ನಾನು ಅತಿಯಾಗಿ ಎಚ್ಚರ ವಹಿಸಿದೆನೆಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಿಕೊಳ್ಳಲಾರೆ. ಮಗಳನ್ನು ಕರೆದೊಯ್ಯುವ ದೋಣಿ ಅದು. ಅಗಲ ಹೆಚ್ಚಿಸಿದರೆ ದೋಣಿ ಬೇಗ ಗಟ್ಟಿಯಾಗಿ ನಿಲ್ಲುತ್ತದೆ, ಏಕೆಂದರೆ ಇಲ್ಲಿ ಅಗಲದ ಘನ ಲೆಕ್ಕಕ್ಕೆ ಬರುತ್ತದೆ: ಹತ್ತು ಪ್ರತಿಶತ ಅಗಲಕ್ಕೆ ಮೂವತ್ತಮೂರು ಪ್ರತಿಶತ ನಿಲುವು. ಆದರೆ ಬಹಳ ಅಗಲವಾದ ಹಗುರ ದೋಣಿ ಒಮ್ಮೆ ತಲೆಕೆಳಗಾದರೆ ಹಾಗೆಯೇ ಗಟ್ಟಿಯಾಗಿ ಉಳಿಯುತ್ತದೆ. 1979ರಲ್ಲಿ ಫಾಸ್ಟ್‌ನೆಟ್ ಎಂಬ ಹಾಯಿದೋಣಿಗಳ ಓಟದಲ್ಲಿ ಬಿರುಗಾಳಿಗೆ ಸಿಕ್ಕು 15 ಮಂದಿ ಸ್ಪರ್ಧಿಗಳು ತೀರಿಕೊಂಡ ಮೇಲೆ ದೋಣಿಗಳ ಈ ಗುಣವನ್ನು ಗಂಭೀರವಾಗಿ ಪರೀಕ್ಷಿಸತೊಡಗಿದರು. ಕಂಪ್ಯೂಟರಿನ ಉಚಿತ ತಂತ್ರಾಂಶದಲ್ಲಿ ಲೆಕ್ಕ ಹಾಕಿದ್ದೆನಾದರೂ ಕಣ್ಣಾರೆ ನೋಡುವ ತನಕ ಸಮಾಧಾನವಿರಲಿಲ್ಲ.

ಹಾಗಾಗಿ ಹತ್ತನೇ ಒಂದು ಅಳತೆಯ ಮಾದರಿ ಮಾಡಿದೆ. ಉದ್ದ ಹತ್ತನೇ ಒಂದಾದರೆ ತೂಕ ಸಾವಿರದ ಒಂದು ಭಾಗ, ಅಂದರೆ 1415 ಗ್ರಾಂ. ಆದರೆ ಅದನ್ನು ತೇಲಿಸುವುದು ತೋಟದ ಕೆರೆಯ ಸಿಹಿನೀರಿನಲ್ಲಿ. ಸಿಹಿನೀರು ಹಗುರವಾದ್ದರಿಂದ ಅದೇ ಗೆರೆಯಲ್ಲಿ ತೇಲಲು 1380 ಗ್ರಾಂ ಇರಬೇಕು. ಸೀಸದ ಅಡಿಭಾರ 380 ಕಿಲೋ ಎಂದು ಗೊತ್ತುಮಾಡಿದ್ದರಿಂದ, ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಬೈತಖೋಲದಲ್ಲಿ ಕೊಂಡು ಅದೇ ಪ್ರಮಾಣದಲ್ಲಿ ತಳಕ್ಕೆ ಅಂಟಿಸಿದೆ. ಕೋಣೆಯ ಬಾಗಿಲು ಮುಚ್ಚಿ, ಕೂವೆಯ ತುದಿಯನ್ನು ಹಿಡಿದು ನೀರಿಗೆ ತಾಗುವವರೆಗೆ ಒತ್ತಿ ಬಿಟ್ಟೆ, ಎದ್ದಿತು. ಇನ್ನೂ ಸ್ವಲ್ಪ ಕೆಳಗೆ ಒತ್ತಿದೆ. ಮಾದರಿ ಒಂದು ಕ್ಷಣ ಯೋಚಿಸುವಂತೆ ನಿಂತು, ನಿಧಾನವಾಗಿ ಹೊಟ್ಟೆ ಮೇಲೆ ಮಾಡಿ ಮಲಗಿಬಿಟ್ಟಿತು. ಕೆರೆಯ ಮೆಟ್ಟಿಲ ಮೇಲೆ ಕುಳಿತು ಅದನ್ನೇ ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಆಮೇಲೆ ನಕ್ಷೆಯಲ್ಲಿ ನೀರಿನ ಟ್ಯಾಂಕನ್ನೂ ಬ್ಯಾಟರಿಯನ್ನೂ ಆಸನದ ಕೆಳಗಿನಿಂದ ತೆಗೆದು ತಳಕ್ಕೆ ತಂದೆ, ಕೋಣೆಯ ಮಾಡನ್ನು ಐದು ಸೆಂಟಿಮೀಟರ್ ಎತ್ತರಿಸಿ ನಡುವಿನಲ್ಲಿ ಇನ್ನಷ್ಟು ಉಬ್ಬಿಸಿದೆ. ಮುಚ್ಚಿದ ಕೋಣೆಯೊಳಗಿನ ಗಾಳಿಯೇ ತಲೆಕೆಳಗಾಗುವ ದೋಣಿಯನ್ನು ಮೇಲಕ್ಕೆ ನೂಕುವುದು. ಮಾದರಿಯನ್ನೂ ಅದರಂತೆ ತಿದ್ದಿದೆ. ಮುಂದಿನ ಬಾರಿ ಕೂವೆಯ ತುದಿ ನೀರಿನೊಳಗೆ ಚೆನ್ನಾಗಿ ಮುಳುಗುವಷ್ಟು ಒತ್ತಿದರೂ ಮಾದರಿ ತಿರುಗಿ ಎದ್ದು ನೀರು ಕೊಡವಿಕೊಂಡಿತು. ಹತ್ತು ಸಲ ಒತ್ತಿದೆ, ಹತ್ತು ಸಲವೂ ಎದ್ದಿತು.

ಕೋಣೆಯ ಒಳಗನ್ನು ಅಂಗಳದಲ್ಲಿ ಅಡಿಕೆ ದಬ್ಬೆ ಕಟ್ಟಿ ಪೂರ್ಣ ಅಳತೆಯಲ್ಲಿ ನಿಲ್ಲಿಸಿ ನೋಡಿದೆವು. ನಾಲ್ವರೂ ಕುಳಿತೆವು, ಮಲಗಿದೆವು. ಕೂತಾಗ ತಲೆಯ ಮೇಲೆ ನಾಲ್ಕು ಬೆರಳು ಜಾಗ ಉಳಿಯಬೇಕೆಂದೂ ಗಾಳಿ ಮುಂದಿನಿಂದ ಹಿಂದಕ್ಕೆ ಹಾಯಲು ಮೂತಿಯ ಬಳಿ ಇನ್ನೊಂದು ಕಿಂಡಿ ಬೇಕೆಂದೂ ಹೇಳಿದವಳು ನನ್ನ ಹೆಂಡತಿ, ಎರಡನ್ನೂ ಸೇರಿಸಿಕೊಂಡೆ.

ಮಾದರಿಯನ್ನು ಕಾಳಿಯ ದಂಡೆಯಲ್ಲಿ ಮರದ ದೋಣಿ ಕಟ್ಟಿ ಕೈ ಪಳಗಿದ ಹಿರಿಯ ಆಚಾರಿಯವರಿಗೆ ತೋರಿಸಿದೆ. ಮೊದಲ ಸಲ ನಕ್ಷೆ ಬಿಡಿಸಿಟ್ಟಾಗ ಅವರು, "ಮಾಸ್ತರ್ರೆ, ಕಾಗದ ನನಗೆ ತಿಳಿಯೂದಿಲ್ಲ. ಮರದಲ್ಲಿ ಮಾಡಿ ತನ್ನಿ, ಕೈಗೆ ತಿಳೀತದೆ" ಎಂದಿದ್ದರು. ಈಗ ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಬೇರೆಲ್ಲೋ ಇಟ್ಟು, ಹೆಬ್ಬೆರಳನ್ನು ಒಂದು ಪಕ್ಕದಲ್ಲೂ ಉಳಿದ ಬೆರಳುಗಳನ್ನು ಇನ್ನೊಂದು ಪಕ್ಕದಲ್ಲೂ ಇರಿಸಿ ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ಎಳೆದರು. ಮೂತಿಯ ಹತ್ತಿರ ಕೈ ನಿಂತಿತು. "ಇಲ್ಲಿ ಬಡವಾಯ್ತು. ಅಳಿವೆಯಲ್ಲಿ ಬೆನ್ನಿಗೆ ತೆರೆ ಬಂದ್ರೆ ಇದು ಮುಖ ಹಾಕಿ ನೀರು ಕುಡೀತದೆ." ನೀರಿನ ಗೆರೆಯ ಕೆಳಗೆ ತೆಳ್ಳಗೆ ಇರಲಿ, ಮೇಲೆ ಮಾತ್ರ ಹರವು ಬೇಕು ಎಂದರು. ಹಾಯಿ ಮತ್ತು ಕೂವೆಯನ್ನು ಮುಂದೆ ಸರಿಸಿದ್ದರಿಂದ ಮೂತಿಯ ಮೇಲೆ ಬಿದ್ದ ಹೊರೆಯನ್ನು ನಾನು ಲೆಕ್ಕದಲ್ಲಿ ಕಂಡಿದ್ದೆ. ತೆರೆಯ ಬೆನ್ನೇರಿ ಇಳಿಯುವಾಗ ಅದು ಏನು ಮಾಡುತ್ತದೆಂಬುದನ್ನು ಅವರ ಕೈ ಕಂಡಿತು. ಮುಂದಿನ ಮೂರು ಸೀಳುಗಳನ್ನು ಮೇಲ್ಭಾಗದಲ್ಲಿ ಅಗಲಿಸಿ ಮತ್ತೆ ಬಿಡಿಸಿದೆ.

2025ರ ಮೇ 21ರಂದು ಕೌಂಡಿನ್ಯ ಹಡಗು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅಜಂತಾದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡಿದ ಹಡಗು ಅದು. ನನ್ನ ದೋಣಿಯನ್ನು ಕಟ್ಟುವ ಕ್ರಮವೂ ಒಂದು ಬಗೆಯ ಹೊಲಿಗೆಯೇ: ಪ್ಲೈವುಡ್ಡಿನ ಅಂಚುಗಳಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಬಿಗಿದು, ಸಂದಿಗೆ ಎಪಾಕ್ಸಿ ತುಂಬಿ ಗಾಜಿನ ನಾರಿನ ಪಟ್ಟಿ ಹಚ್ಚುವುದು. ಇಂಗ್ಲೆಂಡಿನಲ್ಲಿ 1960ರ ದಶಕದ ಆರಂಭದಲ್ಲಿ ಮಿರರ್ ಎಂಬ ಪುಟ್ಟ ದೋಣಿಯ ಮೂಲಕ ಇದು ಮನೆಮನೆಗೆ ಹರಡಿತು. ಕೌಂಡಿನ್ಯದ ಸುದ್ದಿ ಓದಿದಾಗ ನಾನು ಶಿರಸಿಯ ಅಂಗಳದಲ್ಲಿ ಮೊಣಕಾಲೂರಿ ದೋಣಿಯ ಗೆರೆಗಳನ್ನು ಪೂರ್ಣ ಅಳತೆಯಲ್ಲಿ ನೆಲದ ಮೇಲೆ ಎಳೆಯುತ್ತಿದ್ದೆ.

ಅಡಿಕೆ ಒಣಗಿಸುವುದು ಮುಗಿದು ಅಂಗಳ ಖಾಲಿಯಾಗಿತ್ತು. ಹಳೆಯ ಪ್ಲೈವುಡ್ ಹಾಸಿ, ಬಿಳಿ ಬಣ್ಣ ಬಳಿದು, ಸೀಳುಗಳ ಅಳತೆಗಳಿಗೆ ಮೊಳೆ ಹೊಡೆದು, ಅವುಗಳ ಮೇಲೆ ಹದವಾಗಿ ಸೀಳಿದ ಅಡಿಕೆ ದಬ್ಬೆಯೊಂದನ್ನು ಬಾಗಿಸಿದೆ. ಒಳ್ಳೆಯ ದಬ್ಬೆ ಸುಳ್ಳು ಗೆರೆಯನ್ನು ಒಪ್ಪುವುದಿಲ್ಲ. ಏಳನೇ ಸೀಳಿನ ಬಳಿ ಅದು ಮೊಳೆಯನ್ನು ಬಿಟ್ಟು ಹನ್ನೆರಡು ಮಿಲಿಮೀಟರ್ ಹೊರಗೆ ನಿಂತಿತು. ಚಿಕ್ಕ ನಕ್ಷೆಯಲ್ಲಿ ಪೆನ್ಸಿಲ್ ಗೆರೆಯ ದಪ್ಪದಷ್ಟೇ ಇದ್ದ ಆ ತಗ್ಗು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೊಳೆ ಕಿತ್ತು ದಬ್ಬೆ ಹೇಳಿದ ಜಾಗದಲ್ಲಿ ಹೊಡೆದು, ಆ ಸೀಳಿನ ಕ್ಷೇತ್ರಫಲವನ್ನು ಹೊಸದಾಗಿ ತೆಗೆದು, ಸಿಂಪ್ಸನ್ ಕೋಷ್ಟಕವನ್ನು ಇನ್ನೊಮ್ಮೆ ಮೊದಲಿನಿಂದ ಕೂಡಿಸಿದೆ. 1418 ಕಿಲೋ ಬಂತು.

ಜೂನ್ ಹತ್ತಿರವಾಗುತ್ತಿತ್ತು. ತೇವದ ಗಾಳಿಯಲ್ಲಿ ಎಪಾಕ್ಸಿಯ ಮೈ ಅಂಟಂಟಾಗಿ ಕೆಡುವುದರಿಂದ ಮಳೆಗಾಲದಲ್ಲಿ ಕಟ್ಟುವ ಮಾತೇ ಇಲ್ಲ. ಹನ್ನೊಂದು ಸೀಳುಗಳನ್ನೂ ನೆಲದಿಂದ ಪ್ಲೈವುಡ್ ತುಂಡುಗಳಿಗೆ ಇಳಿಸಿಕೊಂಡು, ಒಂದೊಂದಕ್ಕೂ ಸಂಖ್ಯೆ ಬರೆದು, ಅಟ್ಟದ ಮೇಲೆ ಅಡಿಕೆ ಚೀಲಗಳ ಪಕ್ಕದಲ್ಲಿ ಒರಗಿಸಿಟ್ಟೆ. ದೀಪಾವಳಿ ಕಳೆದ ಮೂರನೆಯ ದಿನ ತಮ್ಮನೂ ನಾನೂ ಸೇರಿ ಮೊದಲ ಹಾಳೆಯನ್ನು ಕಾಟಾದ ಮೇಲಿಟ್ಟು ತೂಗಿ, ಪುಸ್ತಕದಲ್ಲಿ ಬರೆದುಕೊಂಡು, ಗರಗಸ ಹಚ್ಚಿದೆವು.